ಸುಣ್ಣಕ್ಕೆ ಮೊದಲು ಪತ್ರ: ಗೂಡಲೂರಿನ ಮನೆಗಳು ಹೇಳುವ ಪಾಠ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಒಬ್ಬನು ಮನೆ ಮಾರಿದನೆಂದರೆ ಸಾಲ ಕುತ್ತಿಗೆಗೆ ಬಂದಿದೆ ಎಂದೇ ಊರವರು ತಿಳಿಯುತ್ತಿದ್ದರು. ಈಗ ಹಾಗಲ್ಲ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿದ್ದಾರೆ. ಊರಿನ ಮನೆಯಲ್ಲಿ ಮುದುಕರಿಬ್ಬರು ದೀಪ ಹಚ್ಚಿ ಕುಳಿತಿದ್ದಾರೆ. ಕೊನೆಗೊಂದು ದಿನ ಮನೆ ಮಾರುವ ಮಾತು ಬರುತ್ತದೆ. ಕಾಸರಗೋಡಿನ ಗಡಿನಾಡ ಕನ್ನಡಿಗರ ಮನೆಗಳಲ್ಲಿ ಇಂದು ಇದು ಅಪರೂಪದ ಮಾತಲ್ಲ.

ನನ್ನ ಸೋದರಮಾವನೊಬ್ಬರು ಚಿಕ್ಕಂದಿನಲ್ಲೇ ಊರು ಬಿಟ್ಟು ಗೂಡಲೂರಿಗೆ ಹೋದವರು. ಹೋಟೆಲಿನಲ್ಲಿ ದುಡಿದರು, ಅನಂತರ ತಾವೇ ಚಹಾದಂಗಡಿ ಇಟ್ಟರು, ಪೇಟೆಯಿಂದ ತುಸು ದೂರದಲ್ಲಿ ಹತ್ತು ಸೆಂಟ್ಸ್ ಜಾಗೆ ಕೊಂಡು ಹಂಚಿನ ಮನೆ ಕಟ್ಟಿದರು. ಕಳೆದೊಂದು ಬೇಸಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ಮನೆ ಮದುವೆಯ ಮನೆಯಂತೆ ಹೊಳೆಯುತ್ತಿತ್ತು. ಗೋಡೆಗೆ ಹೊಸ ಬಣ್ಣ, ನೆಲಕ್ಕೆ ಟೈಲ್ಸು, ಅಂಗಳಕ್ಕೆ ಸಿಮೆಂಟು. ಮಾರುವ ಮನೆ ನೋಡಲು ಚೆನ್ನಾಗಿರಬೇಕೆಂದು ದಲ್ಲಾಳಿ ಹೇಳಿದ್ದರಿಂದ ಮಾವ 2 ಲಕ್ಷ ರೂಪಾಯಿ ಖರ್ಚು ಮಾಡಿದ್ದರು. ಮೈಸೂರಿನಿಂದ ಬಂದ ಗಿರಾಕಿ ಮನೆಯನ್ನು ಮೆಚ್ಚಿದರು, ಕಾಫಿ ಕುಡಿದರು, ಅನಂತರ ಒಂದೇ ಪ್ರಶ್ನೆ ಕೇಳಿದರು: “ಪಟ್ಟಾ ತೋರಿಸುತ್ತೀರಾ?” ಮಾವ ಪೆಟ್ಟಿಗೆಯಿಂದ ತೆಗೆದದ್ದು ಇಪ್ಪತ್ತು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದ ಒಂದು ಒಪ್ಪಂದ. ಅದು ನೋಂದಣಿಯಾದದ್ದಲ್ಲ. ಬರೆದುಕೊಟ್ಟವನ ಹೆಸರಿಗೂ ಪಟ್ಟಾ ಇರಲಿಲ್ಲ. ಗಿರಾಕಿ ಬಂದ ದಾರಿಯಲ್ಲಿ ಹಿಂತಿರುಗಿದರು.

ಇದು ಒಬ್ಬ ಮಾವನ ಕತೆಯಲ್ಲ. ಗೂಡಲೂರು ತಾಲೂಕಿನಲ್ಲಿ ಮನೆಯಿದ್ದೂ ಮಾರಲಾಗದ, ತೋಟವಿದ್ದೂ ಬ್ಯಾಂಕಿನಲ್ಲಿ ಸಾಲ ಸಿಗದ ಕುಟುಂಬಗಳು ಸಾವಿರಾರು ಇವೆ. ಇದು ಹೇಗಾಯಿತೆಂದು ತಿಳಿದರೆ ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳ ಬೆಲೆಯೂ ತಿಳಿದೀತು.

ಒಂದೇ ದಿನದ ಎರಡು ಗೆರೆಗಳು

ಗೂಡಲೂರು ಇಂದು ತಮಿಳುನಾಡಿನ ನೀಲಗಿರಿ ಜಿಲ್ಲೆಯ ತಾಲೂಕು. ಮೊದಲು ಅದು ಮಲಬಾರಿನ ವಯನಾಡಿಗೆ ಸೇರಿತ್ತು. 1877ರಲ್ಲಿ ಬ್ರಿಟಿಷ್ ಸರಕಾರವು ಆಗ್ನೇಯ ವಯನಾಡನ್ನು ಮಲಬಾರಿನಿಂದ ಬಿಡಿಸಿ ನೀಲಗಿರಿಗೆ ಸೇರಿಸಿತು. ಕಚೇರಿ ಬದಲಾಯಿತೇ ಹೊರತು ಮಲಬಾರಿನ ಜನ್ಮಿ ಪದ್ಧತಿ ಬದಲಾಗಲಿಲ್ಲ. ನಿಲಂಬೂರು ಕೋವಿಲಗಂ ಅಲ್ಲಿನ ವಿಸ್ತಾರವಾದ ಭೂಮಿಗೆ ಜನ್ಮಿಯಾಗಿ ಮುಂದುವರಿಯಿತು. ಚಹಾ ಮತ್ತು ಕಾಫಿ ತೋಟದವರು ಅದರಿಂದ ದೀರ್ಘಾವಧಿಯ ಗುತ್ತಿಗೆ ಪಡೆದಿದ್ದರು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಲಬಾರು ಕೇರಳಕ್ಕೆ ಹೋಯಿತು, ಗೂಡಲೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಅದೇ ದಿನ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಆ ದಿನದ ಗೆರೆಯಿಂದ ನಮ್ಮ ಭಾಷೆಗೆ ಏನಾಯಿತು ಎಂಬುದನ್ನು ನಾವು ಎಷ್ಟೋ ಸಲ ಹೇಳಿದ್ದೇವೆ. ಭೂಮಿಗೆ ಏನಾಯಿತು ಎಂಬುದನ್ನು ಹೇಳಿದ್ದು ಕಡಿಮೆ.

ಕೇರಳದಲ್ಲಿ 1970ರ ಜನವರಿ 1ರಿಂದ ಜನ್ಮಿ ಪದ್ಧತಿ ರದ್ದಾಯಿತು. ನಮ್ಮ ಮೂಲಗೇಣಿ, ಚಾಲಗೇಣಿ ಒಕ್ಕಲುಗಳು ಲ್ಯಾಂಡ್ ಟ್ರಿಬ್ಯೂನಲಿಗೆ ಅರ್ಜಿ ಹಾಕಿ ಕ್ರಯ ಸರ್ಟಿಫಿಕೇಟು ಪಡೆದು ಭೂಮಿಯ ಒಡೆಯರಾದರು. ಭೂಮಿ ಕಳೆದುಕೊಂಡವರಿಗೆ ನೋವಾಯಿತು, ಪಡೆದವರಿಗೆ ಬದುಕಾಯಿತು. ಆದರೆ ಕಾಗದವಂತೂ ಕೈಗೆ ಬಂತು. ಗೂಡಲೂರಿನಲ್ಲಿ ಹಾಗಾಗಲಿಲ್ಲ. ತಮಿಳುನಾಡು ಸರಕಾರ 1969ರಲ್ಲಿ ಗೂಡಲೂರು ಜನ್ಮಂ ಎಸ್ಟೇಟುಗಳ ರದ್ದತಿ ಕಾನೂನನ್ನು ಮಾಡಿತು. ಅದರ ವಿರುದ್ಧ ತೋಟದವರು ಕೋರ್ಟಿಗೆ ಹೋದರು. 1972ರಲ್ಲಿ ಬಾಲ್ಮಡೀಸ್ ಪ್ಲಾಂಟೇಶನ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿದರೂ ಅರಣ್ಯಗಳ ಸ್ವಾಧೀನದ ಭಾಗವನ್ನು ಒಪ್ಪಲಿಲ್ಲ. 1974ರಲ್ಲಿ ಸಂವಿಧಾನದ 34ನೆಯ ತಿದ್ದುಪಡಿಯ ಮೂಲಕ ಕಾನೂನನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅದು ಜಾರಿಗೆ ಬಂತು. ಮತ್ತೆ ಮೊಕದ್ದಮೆ. ಒಂಬತ್ತನೆಯ ಅನುಸೂಚಿಗೆ ಸೇರಿಸಿದ ಮಾತ್ರಕ್ಕೆ ಒಂದು ಕಾನೂನು ನ್ಯಾಯಾಲಯದ ಪರಿಶೀಲನೆಯಿಂದ ಪಾರಾಗುವುದಿಲ್ಲ ಎಂದು 2007ರ ಜನವರಿ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ನೀಡಿದ ಹೆಸರಾಂತ ಐ. ಆರ್. ಕೊಯೆಲೊ ತೀರ್ಪು ಹುಟ್ಟಿದ್ದು ಇದೇ ಗೂಡಲೂರಿನ ಮಣ್ಣಿನಿಂದ.

ಈ ಕಾನೂನಿನಡಿ ಬಂದ ಜನ್ಮಂ ಭೂಮಿ ಸುಮಾರು 80 ಸಾವಿರ ಎಕರೆ. ಸ್ವತಃ ಸಾಗುವಳಿ ಮಾಡುತ್ತಿದ್ದವರಲ್ಲಿ ಒಂದು ಭಾಗಕ್ಕೆ ರಯತುವಾರಿ ಪಟ್ಟಾ ಸಿಕ್ಕಿತು. ತೋಟದ ಗುತ್ತಿಗೆಗಳಿಗೆ ಸಂಬಂಧಪಟ್ಟ 17ನೆಯ ಸೆಕ್ಷನಿನಡಿ ಇತ್ಯರ್ಥವಾಗದೆ ಉಳಿದ ಭೂಮಿ ಇಂದಿಗೂ ಜನರ ಬಾಯಲ್ಲಿ ‘ಸೆಕ್ಷನ್ 17’ ಎಂದೇ ಕರೆಯಲ್ಪಡುತ್ತಿದೆ. ಅದನ್ನು ತೋಟದವರು ತಮ್ಮದೆನ್ನುತ್ತಾರೆ, ಅರಣ್ಯ ಇಲಾಖೆ ತನ್ನದೆನ್ನುತ್ತದೆ, ಮನೆ ಕಟ್ಟಿ ಕುಳಿತವನು ತನ್ನದೆನ್ನುತ್ತಾನೆ. ನಿಲಂಬೂರು ಕೋವಿಲಗಮಿನ ಟಿ. ಎನ್. ಗೋದಾವರ್ಮನ್ ತಿರುಮುಲ್ಪಾಡ್ ಅವರು ಗೂಡಲೂರಿನ ಕಾಡು ನಾಶವಾಗುತ್ತಿದೆಯೆಂದು 1995ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಲೇರಿದ ಮೇಲೆ, 1996ರ ಡಿಸೆಂಬರ್ 12ರ ಆದೇಶದಿಂದ, ದಾಖಲೆಯಲ್ಲಿ ಯಾರ ಹೆಸರಿದ್ದರೂ ಕಾಡು ಕಾಡೇ ಎಂಬ ನಿಯಮ ಇಡೀ ದೇಶಕ್ಕೆ ಅನ್ವಯವಾಯಿತು. ಕಾಡು ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯ ಅಂಗಳ ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಆರಂಭವಾಗುತ್ತದೆ ಎಂದು ಹೇಳಬೇಕಾದ ಸರಕಾರವೇ ಐವತ್ತು ವರ್ಷಗಳಲ್ಲಿ ಅದನ್ನು ಹೇಳಿ ಮುಗಿಸಲಿಲ್ಲ.

ಆ ಮನೆಗಳಲ್ಲಿ ಇರುವವರು

ಹಾಗಾದರೆ ಅಲ್ಲಿರುವವರೆಲ್ಲ ಒತ್ತುವರಿದಾರರೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಪಣಿಯ, ಕಾಟ್ಟುನಾಯಕ, ಮುಳ್ಳುಕುರುಂಬರು ಎಲ್ಲರಿಗಿಂತ ಮೊದಲೇ ಅಲ್ಲಿದ್ದವರು. ವಯನಾಡಿನ ಚೆಟ್ಟಿಗಳು ತಲೆಮಾರುಗಳಿಂದ ವಯಲಿನಲ್ಲಿ ಭತ್ತ ಬೆಳೆದವರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ತಿರುವಾಂಕೂರಿನ ಕಡೆಯಿಂದ ರೈತರು ಬಂದರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಸಿಂಹಳದ ಚಹಾ ತೋಟಗಳಿಂದ ತಮಿಳು ಕಾರ್ಮಿಕರು ಮರಳಿದರು. ಅವರಿಗೆ ಕೆಲಸ ಕೊಡಲೆಂದೇ ಸರಕಾರದ ಚಹಾ ತೋಟಗಳು ಹುಟ್ಟಿಕೊಂಡವು. ಅಂಗಡಿ, ಹೋಟೆಲು, ಲಾರಿ, ಗುಮಾಸ್ತಿಕೆ ಎಂದು ನಮ್ಮವರೂ ಹೋದರು. ಮೂರು ರಾಜ್ಯಗಳ ಭಾಷೆ ಒಂದೇ ಬಸ್ ನಿಲ್ದಾಣದಲ್ಲಿ ಕೇಳುವ ಊರು ಅದು.

ಇವರಲ್ಲಿ ಪ್ರತಿಯೊಬ್ಬರ ಕಾಗದವೂ ಬೇರೆ ಬೇರೆ. ಆದಿವಾಸಿ ಕುಟುಂಬಕ್ಕೆ 2006ರ ಅರಣ್ಯ ಹಕ್ಕು ಕಾನೂನಿನಡಿ ಸಿಗುವ ಹಕ್ಕುಪತ್ರ ಮಕ್ಕಳಿಗೆ ದಾಟುತ್ತದೆ, ಆದರೆ ಅದನ್ನು ಮಾರುವಂತಿಲ್ಲ. ರಯತುವಾರಿ ಪಟ್ಟಾ ಇರುವವನು ಮಾರಬಹುದು. ಸೆಕ್ಷನ್ 17ರ ಜಾಗೆಯಲ್ಲಿರುವವನಿಗೆ ಮಾರಲು ಕಾನೂನುಬದ್ಧವಾಗಿ ಏನೂ ಇಲ್ಲ. ಎಷ್ಟೋ ಮನೆಗಳಿಗೆ ವಿದ್ಯುತ್ ಸಂಪರ್ಕ ಪಡೆಯುವುದೇ ದೊಡ್ಡ ಹೋರಾಟವಾಗಿದೆ. ನೋಡಲು ಮೂರೂ ಮನೆಗಳು ಒಂದೇ ತೆರ. ಒಂದೇ ಹಂಚು, ಒಂದೇ ಬಣ್ಣ. ಭೇದವಿರುವುದು ಪೆಟ್ಟಿಗೆಯೊಳಗೆ.

ಬಣ್ಣದಿಂದ ಮಾರಿದ ಭೂಮಿ

ಈ ಪ್ರದೇಶಕ್ಕೆ ಇಂತಹ ಅನುಭವ ಹೊಸದಲ್ಲ. 1879–80ರ ಸುಮಾರಿಗೆ ಗೂಡಲೂರಿನ ಬಳಿಯ ದೇವಾಲ, ಪಂದಲೂರುಗಳಲ್ಲಿ ಚಿನ್ನವಿದೆ ಎಂಬ ಸುದ್ದಿ ಲಂಡನ್ನಿನವರೆಗೆ ಹಬ್ಬಿತು. ಆಸ್ಟ್ರೇಲಿಯದಿಂದ ಬಂದ ಬ್ರೋ ಸ್ಮಿತ್ ಎಂಬ ತಜ್ಞರು 1880ರಲ್ಲಿ ಉತ್ತೇಜಕವಾದ ವರದಿ ಕೊಟ್ಟರು. ಕೂಡಲೇ ಮೂವತ್ತಕ್ಕೂ ಹೆಚ್ಚು ಕಂಪೆನಿಗಳು ತಲೆಯೆತ್ತಿದವು. ಎಲೆರೋಗ, ಕೊರಕ ಹುಳದಿಂದ ಸೊರಗಿದ್ದ ಕಾಫಿ ತೋಟಗಳನ್ನು ಚಿನ್ನದ ಭೂಮಿಯೆಂದು ಹೆಸರಿಟ್ಟು ಮಾರಿದರು. ಯಂತ್ರಗಳು ಬಂದವು, ಬಂಗಲೆಗಳು ಎದ್ದವು. ಕೆಲವೇ ವರ್ಷಗಳಲ್ಲಿ ಹಾಕಿದ ಬಂಡವಾಳಕ್ಕೆ ತಕ್ಕ ಚಿನ್ನ ಸಿಗದೆ ಎಲ್ಲವೂ ಕುಸಿಯಿತು. ಲಾಭ ಮಾಡಿಕೊಂಡವರು ಮೊದಲು ಮಾರಿದವರು; ಕಳೆದುಕೊಂಡವರು ನೋಡದೆ ಕೊಂಡವರು.

ನಮ್ಮ ಕಾಲದ ಉದಾಹರಣೆ ಬೇಕಾದರೆ ಅದೇ ಜಿಲ್ಲೆಯ ಮಸಿನಗುಡಿಯಿದೆ. ಬೊಕ್ಕಾಪುರ, ಮಾವನಹಳ್ಳ ಎಂದು ಕನ್ನಡದ ಕಿವಿಗೆ ಹತ್ತಿರವಾದ ಹೆಸರುಗಳಿರುವ ಸೀಗೂರು ಪ್ರಸ್ಥಭೂಮಿಯಲ್ಲಿ ಪ್ರವಾಸಿಗಳಿಗಾಗಿ ವಿಶ್ರಾಂತಿಗೃಹಗಳು ಸಾಲಾಗಿ ಎದ್ದವು. ವಾಸದ ಮನೆಯೆಂದು ಪರವಾನಗಿ ಪಡೆದು ರಿಸಾರ್ಟ್ ನಡೆಸಿದವರೂ ಇದ್ದರು. 2010ರ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಅಲ್ಲಿ ಆನೆದಾರಿಯನ್ನು ಘೋಷಿಸಿತು. 2011ರಲ್ಲಿ ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಹಲವು ರಿಸಾರ್ಟುಗಳಿಗೆ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್ 14ರಂದು ಆನೆದಾರಿಯ ಘೋಷಣೆ ಸರಿಯೆಂದು ಸುಪ್ರೀಂ ಕೋರ್ಟು ತೀರ್ಪಿತ್ತು. ಕಿಟಿಕಿಯಿಂದ ಆನೆ ಕಾಣುತ್ತದೆ ಎಂದು ಹೇಳಿ ಜಾಗೆ ಮಾರಿದವರು, ಆನೆ ಕಾಣುವುದಾದರೆ ಅದು ಆನೆಯ ದಾರಿಯಾಗಿರಬಹುದು ಎಂದು ಮಾತ್ರ ಹೇಳಿರಲಿಲ್ಲ.

ಮಾರುವವನ ಸಿದ್ಧತೆ

ಆದುದರಿಂದ ಮನೆ ಮಾರಾಟಕ್ಕೆ ಸಿದ್ಧಪಡಿಸುವುದೆಂದರೆ ಮೊದಲು ಕಾಗದಗಳನ್ನು ಸಿದ್ಧಪಡಿಸುವುದು. ಇಲ್ಲಿ ಗಡಿನಾಡಿನವರಿಗೆ ಭಾಷೆಯ ತೊಡಕೂ ಇದೆ. ಒಂದೇ ವಸ್ತುವಿಗೆ ಮೂರು ರಾಜ್ಯಗಳಲ್ಲಿ ಮೂರು ಹೆಸರು. ನಾವು ಕ್ರಯಪತ್ರ ಎನ್ನುವುದನ್ನು ಮಲಯಾಳದಲ್ಲಿ ‘ಆಧಾರಂ’ ಎನ್ನುತ್ತಾರೆ. ಅದರ ಹಿಂದಿನ ಪತ್ರ ‘ಅಡಿಯಾಧಾರಂ’. ಕರ್ನಾಟಕದಲ್ಲಿ ಋಣಭಾರ ಪತ್ರವೆಂದು ಹೇಳುವುದು ಕೇರಳದಲ್ಲಿ ಬಾಧ್ಯತಾ ಸರ್ಟಿಫಿಕೇಟು, ತಮಿಳುನಾಡಿನಲ್ಲಿ ವಿಲ್ಲಂಗ ಸರ್ಟಿಫಿಕೇಟು. ಕರ್ನಾಟಕದಲ್ಲಿ ಪಹಣಿ ನೋಡಿದರೆ ತಮಿಳುನಾಡಿನಲ್ಲಿ ಪಟ್ಟಾ, ಚಿಟ್ಟಾ, ಅಡಂಗಲ್ ನೋಡಬೇಕು. ನಮ್ಮ ಹಿರಿಯರ ಕಾಲದ ಪತ್ರಗಳು ಕನ್ನಡದಲ್ಲಿವೆ, ಈಚಿನವು ಮಲಯಾಳದಲ್ಲಿವೆ. ಅಜ್ಜನ ಪತ್ರವನ್ನು ಗುಮಾಸ್ತನಿಗೆ ಓದಲು ಬರುವುದಿಲ್ಲ, ಗುಮಾಸ್ತ ಬರೆದ ಪತ್ರವನ್ನು ಅಜ್ಜಿಗೆ ಓದಲು ಬರುವುದಿಲ್ಲ. ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದು ನಮ್ಮಲ್ಲಿ ಅಭ್ಯಾಸವೇ ಆಗಿಬಿಟ್ಟಿದೆ.

ಈ ಅಭ್ಯಾಸ ಬಿಡಬೇಕು. ಮಾರುವ ಯೋಚನೆ ಬಂದ ದಿನವೇ ಮಾಡಬೇಕಾದ ಕೆಲಸಗಳಿವು. ಈಗಿನ ಪತ್ರ ಮತ್ತು ಅದರ ಹಿಂದಿನ ಪತ್ರಗಳನ್ನು ಒಟ್ಟುಮಾಡಿ, ಯಾರಿಂದ ಯಾರಿಗೆ ಬಂತೆಂಬ ಸರಪಳಿಯಲ್ಲಿ ಕೊಂಡಿ ತಪ್ಪಿದೆಯೇ ಎಂದು ನೋಡುವುದು. ತೀರಿಹೋದ ತಂದೆಯ ಯಾ ತಾಯಿಯ ಹೆಸರಿನಲ್ಲೇ ದಾಖಲೆ ಇದ್ದರೆ ವಾರಸುದಾರರೆಲ್ಲರ ಹೆಸರಿಗೆ ಬದಲಾಯಿಸುವುದು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಮರೆಯಕೂಡದು. ಋಣಭಾರ ಪತ್ರ ತೆಗೆಸಿ ಹಳೆಯ ಬ್ಯಾಂಕ್ ಸಾಲ ತೀರಿದ್ದೂ ದಾಖಲೆಯಲ್ಲಿ ಉಳಿದಿದೆಯೇ ಎಂದು ನೋಡುವುದು. ಕರದ ರಶೀದಿ ಪೂರ್ತಿ ಮಾಡುವುದು. ಸರ್ವೆ ನಕ್ಷೆಗೂ ನೆಲದ ಮೇಲಿನ ಬೇಲಿಗೂ ತಾಳೆ ಹಾಕುವುದು. ಕೇರಳದಲ್ಲಿ 2022ರ ನವೆಂಬರಿನಿಂದ ಡಿಜಿಟಲ್ ಮರುಸರ್ವೆ ಆರಂಭವಾಯಿತು. ಕಂದಾಯ, ಸರ್ವೆ, ನೋಂದಣಿ ಮೂರನ್ನೂ ಒಂದೆಡೆ ತರುವ ‘ಎಂಡೆ ಭೂಮಿ’ ಜಾಲತಾಣ 2024ರ ಅಕ್ಟೋಬರಿನಲ್ಲಿ ಮೊದಲು ಬಂದದ್ದು ನಮ್ಮ ಜಿಲ್ಲೆಯ ಉಜಾರು ಉಳುವಾರು ಗ್ರಾಮಕ್ಕೆ. ನಮ್ಮ ಬೇಲಿ ಆ ಹೊಸ ನಕ್ಷೆಯಲ್ಲಿ ಎಲ್ಲಿದೆಯೆಂದು ನೋಡಿದವರೆಷ್ಟು ಮಂದಿ? ತಪ್ಪಿದ್ದರೆ ತಿದ್ದಿಸಬೇಕಾದದ್ದು ಈಗ, ಗಿರಾಕಿ ಬಂದಾಗ ಅಲ್ಲ.

ಇನ್ನು ಎರಡು ಭ್ರಮೆಗಳನ್ನು ಬಿಡಬೇಕು. ಮೊದಲನೆಯದು, ಪವರ್ ಆಫ್ ಅಟಾರ್ನಿ ಇದ್ದರೆ ಸಾಕು ಎಂಬುದು. ಅಧಿಕಾರಪತ್ರದ ಮೂಲಕವೇ ಜಾಗೆ ಮಾರಿದಂತೆ ಮಾಡಿದರೆ ಒಡೆತನ ದಾಟುವುದಿಲ್ಲ ಎಂದು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಎರಡನೆಯದು, ರಿಜಿಸ್ಟ್ರಿ ಆಯಿತಲ್ಲ, ಇನ್ನೇನು ಎಂಬುದು. ತಮಿಳುನಾಡಿನ ನೋಂದಣಿ ನಿಯಮವೊಂದನ್ನು ರದ್ದುಮಾಡಿದ 2025ರ ಏಪ್ರಿಲ್ 7ರ ತೀರ್ಪಿನಲ್ಲಿ, ಮಾರುವವನಿಗೆ ಒಡೆತನ ಇದೆಯೋ ಇಲ್ಲವೋ ಎಂದು ವಿಚಾರಿಸುವುದು ಸಬ್ ರಿಜಿಸ್ಟ್ರಾರರ ಕೆಲಸವಲ್ಲ ಎಂದು ಅದೇ ಕೋರ್ಟು ಹೇಳಿತು. ಅಂದರೆ ಮೊಹರು ಬಿದ್ದ ಮಾತ್ರಕ್ಕೆ ಇಲ್ಲದ ಒಡೆತನ ಹುಟ್ಟುವುದಿಲ್ಲ. ವಿಚಾರಿಸಬೇಕಾದವನು ಕೊಳ್ಳುವವನೇ.

ಕಾಗದ ಸರಿಯಾದ ಮೇಲೆ ಮನೆಯ ಕಡೆ ತಿರುಗಬಹುದು. ಮಲೆನಾಡಿನ ಮನೆಗೆ ಬಣ್ಣಕ್ಕಿಂತ ಮುಖ್ಯವಾದದ್ದು ಮಳೆನೀರು ಹರಿಯುವ ಚರಂಡಿ. ಒಡೆದ ಹಂಚು ಬದಲಾಯಿಸುವುದು, ಗೆದ್ದಲು ಹಿಡಿದ ಪಕ್ಕಾಸು ತೆಗೆಯುವುದು, ಹಿಂದಿನ ಬರೆ ಕುಸಿಯದಂತೆ ಕಟ್ಟಿದ ಗೋಡೆಯಲ್ಲಿ ನೀರು ಹೊರಬೀಳಲು ತೂತುಗಳಿವೆಯೇ ಎಂದು ನೋಡುವುದು, ಬಾವಿ ಶುಚಿಮಾಡಿಸುವುದು, ವಯರಿಂಗ್ ಪರೀಕ್ಷಿಸುವುದು – ಇವು ಕೊಳ್ಳುವವನಿಗೆ ನಿಜವಾಗಿ ಉಪಯೋಗವಾಗುವ ಖರ್ಚು. ಬಿರುಕಿನ ಮೇಲೆ ಬಣ್ಣ ಬಳಿಯುವುದು ಖರ್ಚೂ ಹೌದು, ವಂಚನೆಯೂ ಹೌದು. ಮೇಲುನೋಟಕ್ಕೆ ಕಾಣದ ದೋಷವನ್ನು, ಒಡೆತನದ ಕೊರತೆಯನ್ನು ಮಾರುವವನು ತಾನಾಗಿ ಹೇಳಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾನೂನಿನ 55ನೆಯ ಸೆಕ್ಷನೇ ವಿಧಿಸುತ್ತದೆ. 2024ರ ಜುಲೈ 30ರ ವಯನಾಡಿನ ಭೂಕುಸಿತದ ಬಳಿಕ ಇಳಿಜಾರಿನ ಮನೆಯ ಬಿರುಕನ್ನು ಮುಚ್ಚಿಟ್ಟು ಮಾರುವುದು ಬರೀ ವ್ಯವಹಾರದ ತಪ್ಪಲ್ಲ, ಪ್ರಾಣದ ಮಾತು.

ದಲ್ಲಾಳಿಯೋ, ವೃತ್ತಿಯೋ?

ನಮ್ಮ ಶಾಲೆಯಲ್ಲಿ ಕಲಿತ ಹುಡುಗರಲ್ಲಿ ಕೆಲವರು ಈಗ ಜಾಗೆ ವ್ಯಾಪಾರಕ್ಕೆ ಇಳಿದಿದ್ದಾರೆ. ದಾರಿಯಲ್ಲಿ ಸಿಕ್ಕರೆ “ಮಾಸ್ಟ್ರೇ, ಯಾವುದಾದರೂ ಜಾಗೆ ಇದ್ದರೆ ಹೇಳಿ” ಎನ್ನುತ್ತಾರೆ. ಸರಕಾರಿ ಕೆಲಸ ಕಡಿಮೆ, ಕನ್ನಡ ಮಾಧ್ಯಮದವರಿಗೆ ಅದರಲ್ಲೂ ಕಡಿಮೆ. ಹಾಗಿರುವಾಗ ಅವರನ್ನು ಹಳಿದು ಫಲವಿಲ್ಲ. ದಲ್ಲಾಳಿ ಎಂಬ ಶಬ್ದಕ್ಕೆ ಕೆಟ್ಟ ಹೆಸರು ಬಂದದ್ದು ಕೆಲಸದಿಂದಲ್ಲ, ಕೆಲಸ ಕಲಿಯದೆ ಕೂಲಿ ಕೇಳಿದವರಿಂದ.

ನೋಡಿದರೆ ನಮ್ಮ ಹುಡುಗರಿಗೆ ಇಲ್ಲೊಂದು ಅನುಕೂಲವಿದೆ. ಮನೆಯಲ್ಲಿ ತುಳು ಯಾ ಕನ್ನಡ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಹಳೆಯ ಕನ್ನಡ ಪತ್ರ ಮತ್ತು ಹೊಸ ಮಲಯಾಳ ಪತ್ರ ಎರಡನ್ನೂ ಓದಬಲ್ಲವನು ಈ ಜಿಲ್ಲೆಯಲ್ಲಿ ದಿನದಿಂದ ದಿನಕ್ಕೆ ಅಪರೂಪವಾಗುತ್ತಿದ್ದಾನೆ. ಅವನಿಗೆ ಬೆಲೆ ಇದೆ. ಅವನು ತಮಿಳು ಅಕ್ಷರವನ್ನೂ ಕಲಿತರೆ ಗೂಡಲೂರಿನಂತಹ ಊರಿನಲ್ಲಿಯೂ ಬೆಲೆ ಇದೆ. ಮೊದಲ ಎರಡು ವರ್ಷ ದಸ್ತಾವೇಜು ಬರಹಗಾರರ ಬಳಿ ಯಾ ವಕೀಲರ ಕಚೇರಿಯಲ್ಲಿ ಕುಳಿತು ಪತ್ರ ಓದುವುದನ್ನು, ಸರ್ವೆಯವರ ಹಿಂದೆ ನಡೆದು ನಕ್ಷೆ ನೋಡುವುದನ್ನು ಕಲಿತವನು ಅನಂತರ ಇಪ್ಪತ್ತು ವರ್ಷ ತಲೆಯೆತ್ತಿ ದುಡಿಯಬಹುದು.

ಕಾನೂನು ಕೂಡ ಈಗ ಇದನ್ನು ವೃತ್ತಿಯೆಂದು ಗಣಿಸುತ್ತದೆ. 2016ರ ರಿಯಲ್ ಎಸ್ಟೇಟ್ ಕಾನೂನಿನ ಪ್ರಕಾರ, ರೇರಾದಲ್ಲಿ ದಾಖಲಾಗಬೇಕಾದ ಬಡಾವಣೆ ಯಾ ವಸತಿ ಸಮುಚ್ಚಯದಲ್ಲಿ ನಿವೇಶನ ಮಾರಿಸುವ ಏಜೆಂಟನೂ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕು. ಲೆಕ್ಕ ಇಡಬೇಕು, ಇಲ್ಲದ ಸೌಕರ್ಯ ಇದೆಯೆಂದು ಹೇಳಕೂಡದು, ಕೊಳ್ಳುವವನಿಗೆ ಸಲ್ಲಬೇಕಾದ ದಾಖಲೆಗಳನ್ನು ಕೊಡಿಸಬೇಕು. ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆಸ್ತಿಯ ಬೆಲೆಯ ನೂರಕ್ಕೆ ಐದರವರೆಗೆ ದಂಡ. ಹಳೆಯ ಒಂಟಿ ಮನೆಯ ಮಾರಾಟಕ್ಕೆ ಈ ನೋಂದಣಿ ಬೇಕಿಲ್ಲ. ಆದರೆ ನಿಯಮದ ಹಿಂದಿರುವ ನೀತಿ ಅಲ್ಲಿಗೂ ಸಲ್ಲುತ್ತದೆ.

ಪರಿಹಾರ ಯಾರ ಕೈಯಲ್ಲಿ?

ಜನರ ಜಾಗರೂಕತೆಯಿಂದಲೇ ಎಲ್ಲವೂ ಸರಿಯಾಗದು. ಗೂಡಲೂರಿನ ಸೆಕ್ಷನ್ 17ರ ಪ್ರಶ್ನೆ ಚುನಾವಣೆಗಳಲ್ಲಿ ಕೇಳಿಸಿ ಅನಂತರ ಮಂಜಿನಲ್ಲಿ ಮರೆಯಾಗುತ್ತದೆ. ದೊಡ್ಡ ತೋಟದ ಗುತ್ತಿಗೆಯನ್ನೂ ಹತ್ತು ಸೆಂಟಿನ ಮನೆಯನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿಟ್ಟಿರುವುದೇ ಇದರ ದೊಡ್ಡ ಅನ್ಯಾಯ. ವಾಸದ ಮನೆಗಳನ್ನು ಬೇರ್ಪಡಿಸಿ, ಕಾಡಿಗೆ ಅಪಾಯವಿಲ್ಲದ ಕಡೆ ಪಟ್ಟಾ ಕೊಟ್ಟು, ಉಳಿಯಬಾರದ ಕಡೆ ಪರಿಹಾರ ಕೊಟ್ಟು ಎಬ್ಬಿಸಿದರೆ ಕಾಡಿಗೂ ಜನರಿಗೂ ಒಳಿತು. ನಿರ್ಧಾರವಿಲ್ಲದೆ ಐವತ್ತು ವರ್ಷ ಕಳೆದದ್ದರಿಂದ ಲಾಭವಾದದ್ದು ಕಾಗದವಿಲ್ಲದ ಜಾಗೆಯನ್ನು ಕಾಗದವಿದ್ದಂತೆ ಮಾರುವವರಿಗೆ ಮಾತ್ರ.

ನಮ್ಮ ಜಿಲ್ಲೆಯ ಮಟ್ಟಿಗೆ, ಕೇರಳದ 1969ರ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿತು. ಆ ಅವಕಾಶವನ್ನು ನಾವು ಶಾಲೆ, ಪಠ್ಯಪುಸ್ತಕಗಳ ಸಂದರ್ಭದಲ್ಲಿ ಮಾತ್ರ ನೆನೆಯುತ್ತೇವೆ. ಗ್ರಾಮ ಕಚೇರಿ ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕನ್ನಡದ ಅರ್ಜಿ, ಕನ್ನಡದ ವಿವರಣೆ ಕೇಳುವುದೂ ಭಾಷೆಯ ಹೋರಾಟವೇ. ಮನೆಯ ಪತ್ರ ಓದಲಾಗದವನಿಗೆ ಭಾಷೆ ಉಳಿದು ಏನು ಬಂತು?

ಮಾವನ ಮನೆ ಇನ್ನೂ ಮಾರಾಟವಾಗಿಲ್ಲ. ಆಮೇಲೆ ಬಂದ ಒಬ್ಬ ದಲ್ಲಾಳಿ, ಅಧಿಕಾರಪತ್ರ ಬರೆದುಕೊಟ್ಟರೆ ದೂರದ ಊರಿನವರಿಗೆ ಮಾರಿಸಿಕೊಡುತ್ತೇನೆ, ಅವರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದನಂತೆ. ಹಣದ ಅಗತ್ಯ ಮಾವನಿಗೆ ಇತ್ತು, ಈಗಲೂ ಇದೆ. “ನನಗೂ ಒಬ್ಬ ಹೀಗೆಯೇ ಮಾರಿದ್ದಲ್ಲವೇ ಅಳಿಯಾ, ಇನ್ನೊಬ್ಬನ ತಲೆಗೆ ಯಾಕೆ ಕಟ್ಟಲಿ?” ಎಂದು ಅವರು ನನ್ನೊಡನೆ ಹೇಳಿದರು. ಪಟ್ಟಾಕ್ಕೆ ಅರ್ಜಿ ಕೊಟ್ಟಿದ್ದಾರೆ. ಅದರ ರಶೀದಿಯನ್ನು ಆ ಇಪ್ಪತ್ತು ರೂಪಾಯಿಯ ಕಾಗದದ ಜೊತೆಗೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.